ಹೊಸ ಬಟ್ಟೆಯ ಬಣ್ಣ, ಪಾಲಿಶ್, ವಾಸನೆ: ಕೊಳ್ಳುವಾಗ ನೀವು ಏನು ನೋಡುತ್ತೀರಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗುವಿಗೆ ಮುಂದಿನ ತಿಂಗಳು ತೊಟ್ಟಿಲು ಶಾಸ್ತ್ರ. ಬಟ್ಟೆ ತರುವ ಕೆಲಸ ನನಗೆ ಬಿದ್ದಿದೆ. ಅಂಗಡಿಗೆ ಹೋದರೆ ಎಲ್ಲದರ ಮೇಲೂ ‘ಆರ್ಗಾನಿಕ್’, ‘ಇಕೋ’, ‘ಬಿದಿರಿನ ಬಟ್ಟೆ’ ಅಂತ ಬರೆದಿದೆ. ಮುಟ್ಟಿದರೆ ಕೆಲವು ಗರಿಗರಿ ಅನ್ನುತ್ತವೆ, ಕೆಲವು ಮೂಗಿಗೆ ಘಾಟು ಹೊಡೆಯುತ್ತವೆ. ಬೆಲೆ ಎರಡು ಮೂರು ಪಟ್ಟು ಜಾಸ್ತಿ. ಅಕ್ಕನಿಗೂ ಕೆಲವು ಹೊಸ ಕುರ್ತಾ ಹಾಕಿದರೆ ಕುತ್ತಿಗೆ, ಕಂಕುಳ ಅಂಚಿನಲ್ಲಿ ತುರಿಕೆ ಶುರುವಾಗುತ್ತದೆ. ನಿಜವಾಗಿ ನೋಡಬೇಕಾದ್ದು ಯಾವುದು? ನೂಲೋ, ಬಣ್ಣವೋ, ಮೇಲಿನ ಮುದ್ರೆಯೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಣ್ಣದ ಲಡಿ
ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಕಾಟನ್ನೋ ಪಾಲಿಯೆಸ್ಟರೋ ಅಂತ ಎಲ್ಲರೂ ಕೇಳುತ್ತಾರೆ. ಮೈಗೆ ತೊಂದರೆ ಕೊಡುವುದು ಹೆಚ್ಚಿನ ಸಲ ಬರೀ ನೂಲಲ್ಲ. ಅದಕ್ಕೆ ಹಾಕಿದ ಬಣ್ಣ ಮತ್ತು ಕೊನೆಯಲ್ಲಿ ಕೊಟ್ಟ ಫಿನಿಶಿಂಗ್. ನೂರಕ್ಕೆ ನೂರು ಹತ್ತಿಯ ಬಟ್ಟೆಯಲ್ಲೂ ಇವೆರಡೂ ಕೆಟ್ಟದಾಗಿರಬಹುದು.

ಮೊದಲು ನೀವು ಹೇಳಿದ ಗರಿಗರಿ ಮತ್ತು ಘಾಟು. ಸುಕ್ಕು ಬೀಳದ ಬಟ್ಟೆ, ಇಸ್ತ್ರಿ ಬೇಡದ ಬಟ್ಟೆ ಅಂತ ಮಾರುತ್ತಾರಲ್ಲ, ಅದರ ಮೇಲೆ ಒಂದು ರಾಳ ಹಾಕಿರುತ್ತಾರೆ. ಅದು ಹತ್ತಿಯ ಎಳೆಯೊಳಗೆ ಹೊಕ್ಕು ಮಡಿಕೆ ಬೀಳದ ಹಾಗೆ ಹಿಡಿದುಕೊಳ್ಳುತ್ತದೆ. ಇಂಥ ರಾಳಗಳಲ್ಲಿ ಹಲವು ನಿಧಾನವಾಗಿ ಫಾರ್ಮಾಲ್ಡಿಹೈಡ್ ಅನ್ನುವ ಘಾಟಿನ ರಾಸಾಯನಿಕ ಬಿಡುತ್ತವೆ. ಕಣ್ಣು ಉರಿ, ಚರ್ಮದ ಅಲರ್ಜಿ ಎರಡಕ್ಕೂ ಅದು ಕಾರಣವಾಗುತ್ತದೆ. ಜಪಾನಿನಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಅದು ಪತ್ತೆಯೇ ಆಗಬಾರದು ಅಂತ ಕಾನೂನಿದೆ. ಸಮಾಧಾನದ ವಿಷಯ ಅಂದ್ರೆ ಫಾರ್ಮಾಲ್ಡಿಹೈಡ್ ನೀರಿನಲ್ಲಿ ಕರಗುತ್ತದೆ. ಹೊಸ ಬಟ್ಟೆ ಯಾವುದೇ ಇರಲಿ, ಒಗೆದು ಗಾಳಿಗೆ ಒಣಗಿಸಿದ ಮೇಲೇ ಮಗುವಿಗೆ ಹಾಕಿ.

ಅಕ್ಕನ ತುರಿಕೆ ಇರುವ ಜಾಗ ನೋಡಿದರೆ ಬೇರೆ ಅನುಮಾನ ಬರುತ್ತದೆ. ಕುತ್ತಿಗೆ, ಕಂಕುಳ ಅಂಚು, ಅಂದರೆ ಬೆವರು ಮತ್ತು ಉಜ್ಜಾಟ ಎರಡೂ ಇರುವ ಕಡೆ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳ ಲಕ್ಷಣ ಅದು. ನೂಲಿಗೆ ಅವು ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ, ಒಳಗೆ ಸೇರಿಕೊಂಡಿರುತ್ತವೆ ಅಷ್ಟೆ. ಬೆವರಿಗೆ, ತಿಕ್ಕಾಟಕ್ಕೆ ಸ್ವಲ್ಪ ಸ್ವಲ್ಪ ಹೊರಬರುತ್ತವೆ. ಡಿಸ್ಪರ್ಸ್ ಬ್ಲೂ 106 ಮತ್ತು 124 ಅನ್ನುವ ಎರಡು ನೀಲಿಗಳು ಚರ್ಮದ ವೈದ್ಯರಿಗೆ ಚೆನ್ನಾಗಿ ಪರಿಚಯ. ಕಡು ನೀಲಿ, ಕಪ್ಪು ಬಟ್ಟೆಗಳಲ್ಲಿ ಜಾಸ್ತಿ. ಆ ಕುರ್ತಾಗಳನ್ನು ಒಳಗಡೆ ತಿರುಗಿಸಿ ನೋಡಿ. ಮೇಲೆ ಹತ್ತಿ ಇದ್ದರೂ ಒಳಗಿನ ಲೈನಿಂಗ್ ಕಡುಬಣ್ಣದ ಪಾಲಿಯೆಸ್ಟರ್ ಇರಬಹುದು.

ಅಜೋ ಬಣ್ಣಗಳ ಬಗ್ಗೆ ಕೇಳಿರುತ್ತೀರಿ, ಕಾರ್ಖಾನೆಯಲ್ಲಿ ತಯಾರಾಗುವ ಬಣ್ಣಗಳ ಒಂದು ದೊಡ್ಡ ಗುಂಪು ಅದು. ಎಲ್ಲ ಅಜೋ ಬಣ್ಣವೂ ವಿಷವಲ್ಲ. ಕೆಲವು ಮಾತ್ರ ಒಡೆದು ಬೆಂಜಿಡೀನ್‌ನಂಥ ಕ್ಯಾನ್ಸರ್‌ಕಾರಕ ಅಮೈನುಗಳಾಗುತ್ತವೆ. ಜರ್ಮನಿ 1994ರಲ್ಲಿ ಅವನ್ನು ನಿಷೇಧಿಸಿತು, ಭಾರತ 1997ರಲ್ಲಿ. ಕಾನೂನು ಇದೆ ಅಂದ ಮಾತ್ರಕ್ಕೆ ಸಂತೆಯಲ್ಲಿ ಸಡಿಲವಾಗಿ ಮಾರುವ ಬಣ್ಣದ ಪುಡಿಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಅದಕ್ಕೇ ಹಸುಗೂಸಿಗೆ ಬಿಳಿ ಅಥವಾ ತೀರಾ ತಿಳಿಬಣ್ಣ ಸಾಕು. ಎದೆಯ ಮೇಲೆ ದಪ್ಪ ರಬ್ಬರಿನ ಹಾಗೆ ಗೊಂಬೆ ಅಚ್ಚು ಒತ್ತಿರುವ ಬಟ್ಟೆಯೂ ಬೇಡ. ಅಗ್ಗದ ಅಚ್ಚುಗಳಲ್ಲಿ ಪಿವಿಸಿ ಪ್ಲಾಸ್ಟಿಕ್ ಮತ್ತು ಅದನ್ನು ಮೆತ್ತಗೆ ಮಾಡುವ ಥ್ಯಾಲೇಟ್‌ಗಳು ಇರುತ್ತವೆ. ಮಕ್ಕಳು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಳೇ ಪಂಚೆ
ಬಣ್ಣದ ಲಡಿ ಅವರೇ, ಚೆನ್ನಾಗಿ ಹೇಳಿದಿರಿ. ಆದರೆ ಅಂಗಡಿಯಲ್ಲಿ ನಿಂತಾಗ ನಮ್ಮಂಥವರಿಗೆ ಲ್ಯಾಬ್ ಇರುವುದಿಲ್ಲವಲ್ಲ. ಮುದ್ರೆಗಳಲ್ಲಿ ಯಾವುದನ್ನು ನಂಬಬೇಕು?

ಬಣ್ಣದ ಲಡಿ
ಒಂದೊಂದು ಮುದ್ರೆ ಒಂದೊಂದು ವಿಷಯ ಹೇಳುತ್ತದೆ. ಓಯೆಕೊ-ಟೆಕ್ಸ್ (OEKO-TEX) ಸ್ಟ್ಯಾಂಡರ್ಡ್ 100 ಅಂತ ಇದೆ. 1992ರಿಂದ ಇದೆ. ತಯಾರಾದ ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕ ಉಳಿದಿದೆಯೇ ಅಂತ ಅದು ನೋಡುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಎಲ್ಲಕ್ಕಿಂತ ಬಿಗಿ ನಿಯಮ. ಆದರೆ ಹತ್ತಿ ಸಾವಯವವೇ ಅಂತ ಅದು ಹೇಳುವುದಿಲ್ಲ. ಗಾಟ್ಸ್ (GOTS) ಅನ್ನುವ ಸಾವಯವ ಬಟ್ಟೆಯ ಮುದ್ರೆಯಲ್ಲಿ ಕನಿಷ್ಠ ನೂರಕ್ಕೆ 70 ಭಾಗ ಸಾವಯವ ನೂಲು ಇರಬೇಕು. ‘ಆರ್ಗಾನಿಕ್’ ಅಂತಲೇ ಬರೆಯಬೇಕಾದರೆ 95. ಜೊತೆಗೆ ಬಣ್ಣ, ಕಾರ್ಖಾನೆಯ ಕೊಳಕು ನೀರು, ಕಾರ್ಮಿಕರ ಸ್ಥಿತಿಯನ್ನೂ ನೋಡುತ್ತಾರೆ. ಚೀಟಿಯ ಮೇಲೆ ಪರವಾನಗಿ ಸಂಖ್ಯೆ ಇರಬೇಕು, ಅವರ ಜಾಲತಾಣದಲ್ಲಿ ಅದನ್ನು ಹುಡುಕಿ ನೋಡಬಹುದು. ಸಂಖ್ಯೆ ಇಲ್ಲದೆ ಬರೀ ಎಲೆಯ ಚಿತ್ರ, ಹಸಿರು ಅಕ್ಷರ ಇದ್ದರೆ ಅದಕ್ಕೆ ಬೆಲೆ ಕೊಡಬೇಡಿ.

ಮುದ್ರೆಯೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. 2020ರಲ್ಲಿ ಗಾಟ್ಸ್‌ನವರೇ ಭಾರತದಲ್ಲಿ 20,000 ಟನ್ ಹತ್ತಿಗೆ ಸುಳ್ಳು ಸಾವಯವ ಪ್ರಮಾಣಪತ್ರ ಸಿಕ್ಕಿದ್ದನ್ನು ಪತ್ತೆ ಮಾಡಿದರು. ಕೈಮಗ್ಗದ ಮುದ್ರೆ, ಸಿಲ್ಕ್ ಮಾರ್ಕ್ ಎರಡೂ ಒಳ್ಳೆಯವೇ. ಆದರೆ ಒಂದು ಕೈಮಗ್ಗದ್ದು ಅಂತ ಹೇಳುತ್ತದೆ, ಇನ್ನೊಂದು ಶುದ್ಧ ರೇಷ್ಮೆ ಅಂತ. ಬಣ್ಣ ಎಂಥದ್ದು ಅಂತ ಅವುಗಳಿಂದ ತಿಳಿಯುವುದಿಲ್ಲ.

ದಾದಿ ಶಾರದೆ
ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಹೊಸ ಬಟ್ಟೆ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಹೆಚ್ಚು ಭಯ ಬೀರುವಿನಿಂದ ತೆಗೆಯುವ ಹಳೆ ಬಟ್ಟೆಯ ಬಗ್ಗೆ. ತೊಟ್ಟಿಲು ಶಾಸ್ತ್ರಕ್ಕೆ ಅಜ್ಜಿ ಎತ್ತಿಟ್ಟ ಕುಲಾವಿ, ಶಾಲು, ರೇಷ್ಮೆ ಸೀರೆ ತೆಗೆಯುತ್ತಾರಲ್ಲ, ಅದರ ನಡುವೆ ನುಸಿಗುಳಿಗೆ ಇರುತ್ತದೆ. ಕೆಲವು ಕಡೆ ಡಾಂಬರು ಗುಳಿಗೆ ಅನ್ನುತ್ತಾರೆ. ಅದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ, ಗಂಡುಮಕ್ಕಳಲ್ಲಿ ಈ ಕೊರತೆ ಜಾಸ್ತಿ. ಅಂಥ ಕೂಸಿಗೆ ನ್ಯಾಫ್ತಲೀನ್ ವಾಸನೆಯ ಬಟ್ಟೆ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ತೀವ್ರವಾದರೆ ಮೆದುಳಿಗೂ ಪೆಟ್ಟು. ಎಣ್ಣೆ ಹಚ್ಚಿದ ಮೈ ಅದನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಎಣ್ಣೆನೀರು ಹಾಕಿ ಸಾಂಬ್ರಾಣಿ ಹಿಡಿದು ಅದೇ ಶಾಲಿನಲ್ಲಿ ಸುತ್ತುತ್ತೇವೆ, ಅಲ್ವಾ?

ಈ ಕಿಣ್ವದ ಕೊರತೆ ಇದೆಯೋ ಇಲ್ಲವೋ ಹೆಚ್ಚಿನ ಮನೆಗಳಲ್ಲಿ ಗೊತ್ತಿರುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆ ಇಡುವ ಕಡೆ ಆ ಗುಳಿಗೆ ಬೇಡವೇ ಬೇಡ. ಕರ್ಪೂರವೂ ಬೇಡ, ಮಕ್ಕಳು ತಿಂದರೆ ಫಿಟ್ಸ್ ಬರುತ್ತದೆ. ಚೆನ್ನಾಗಿ ಒಗೆದು, ಬಿಸಿಲಿಗೆ ಒಣಗಿಸಿ, ಹತ್ತಿ ಬಟ್ಟೆಯ ಗಂಟಿನಲ್ಲಿ ಒಣಗಿದ ಬೇವಿನೆಲೆ ಅಥವಾ ಲಾವಂಚದ ಬೇರು ಇಡಿ. ಆಗಾಗ ತೆಗೆದು ಕೊಡವಿ ಬಿಸಿಲಿಗೆ ಹಾಕಿ. ನುಸಿಗೆ ಬೇಕಾದದ್ದು ಬಟ್ಟೆಗೆ ಅಂಟಿದ ಬೆವರು, ಕೊಳೆ. ಶುಭ್ರವಾಗಿ ಒಗೆದಿಟ್ಟ ಬಟ್ಟೆಗೆ ಅದು ಬರುವುದು ಕಡಿಮೆ.

ತುಂಗಾತೀರ
ಶಾರದಕ್ಕ, ಇದನ್ನು ಈಗಲೇ ಅಮ್ಮನಿಗೆ ಓದಿ ಹೇಳಿದೆ. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ತೆಗೆಸುತ್ತಿದ್ದೇನೆ. ಹಾಗಾದರೆ ‘ಬಿದಿರಿನ ಬಟ್ಟೆ’ ಹೇಗೆ? ಮಗುವಿನ ಮೈಗೆ ತುಂಬ ಮೃದು ಅಂತ ಅಂಗಡಿಯವರು ಅದನ್ನೇ ತೋರಿಸುತ್ತಿದ್ದಾರೆ.

ಕುಮುದ್ವತಿ
ಮೃದು ಹೌದು. ಆದರೆ ಬಿದಿರು ಬೆಳೆದು ನೇಯ್ದ ಬಟ್ಟೆ ಅಂತ ತಿಳಿಯಬೇಡಿ. ಹೆಚ್ಚಿನದೆಲ್ಲ ವಿಸ್ಕೋಸ್, ಅಂದರೆ ರೇಯಾನ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ಗಂಧಕಾಮ್ಲದೊಳಗೆ ಸಣ್ಣ ತೂತುಗಳಿಂದ ಎಳೆ ತೆಗೆಯುತ್ತಾರೆ. ಕೊನೆಯಲ್ಲಿ ಬಿದಿರಿನ ಗುಣ ಏನೂ ಉಳಿಯುವುದಿಲ್ಲ. ಕಾರ್ಬನ್ ಡೈಸಲ್ಫೈಡ್ ಕೆಲಸಗಾರರ ನರಗಳಿಗೆ ವಿಷ. 2022ರಲ್ಲಿ ಅಮೆರಿಕದಲ್ಲಿ ರೇಯಾನನ್ನು ಬಿದಿರು ಅಂತ ಮಾರಿದ್ದಕ್ಕೆ ಎರಡು ದೊಡ್ಡ ಮಳಿಗೆ ಸಂಸ್ಥೆಗಳು ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಿದವು. ತೊಟ್ಟ ಮಗುವಿಗೆ ರೇಯಾನಿನಿಂದ ತೊಂದರೆ ಆಗುವುದು ಕಡಿಮೆ. ಆದರೆ ಪರಿಸರಸ್ನೇಹಿ ಅನ್ನುವ ಮಾತು ಅದಕ್ಕೆ ಒಪ್ಪುವುದಿಲ್ಲ.

ನಾನು ರಾಣೆಬೆನ್ನೂರು ಕಡೆಯವಳು. ರೇಯಾನ್ ಅಂದರೆ ನಮಗೆ ಬಟ್ಟೆ ಅಂಗಡಿಗಿಂತ ಮೊದಲು ನೆನಪಾಗುವುದು ಗೋಮಾಳ. 1980ರ ದಶಕದಲ್ಲಿ ರೇಯಾನ್ ತಿರುಳಿಗೆ ನೀಲಗಿರಿ ಬೆಳೆಸಬೇಕು ಅಂತ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿ ಮಾಡಿದರು. ಸುಮಾರು 75 ಸಾವಿರ ಎಕರೆ ಹಳ್ಳಿಗರ ಸಾಮೂಹಿಕ ಭೂಮಿ ಅದರ ಪಾಲಾಗುವುದಿತ್ತು. ದನ ಮೇಯಿಸುವ, ಸೌದೆ ತರುವ ಜಾಗ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಅಂತಲೇ ಹೆಸರಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಮೆತ್ತನೆಯ, ಜಾರುವ ಬಟ್ಟೆ ಕೈಯಲ್ಲಿ ಹಿಡಿದಾಗ ಈ ಕಥೆಯೂ ಗೊತ್ತಿರಲಿ ಅನ್ನಿಸುತ್ತದೆ.

ಮರದ ತಿರುಳಿನದ್ದೇ ಬೇಕು ಅಂದರೆ ಲಯೋಸೆಲ್ ನೋಡಿ. ಅದರಲ್ಲಿ ಬಳಸುವ ದ್ರಾವಕವನ್ನು ಹೆಚ್ಚು ಕಡಿಮೆ ಪೂರ್ತಿ ಹಿಡಿದು ಮತ್ತೆ ಬಳಸುತ್ತಾರೆ.

ಇಳಕಲ್ ಅಂಚು
ಕುಮುದ್ವತಿ ಅಕ್ಕಾರ, ನಮ್ಮೂರಿನ ಮಾತೂ ಇದೇ. ಇಳಕಲ್ ಸೀರೆಯಲ್ಲಿ ಈಗ ಜಾಸ್ತಿ ಓಡುವುದು ಚಮಕಾ, ಅಂದರೆ ಆರ್ಟ್ ಸಿಲ್ಕ್, ಅದೂ ರೇಯಾನೇ. ಕೊಳ್ಳುವವರು ರೇಷ್ಮೆ ಅಂದುಕೊಂಡು ಒಯ್ಯುತ್ತಾರೆ. ಮನೆಯಲ್ಲೇ ನೋಡಬಹುದು. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ದೀಪಕ್ಕೆ ತೋರಿಸಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ, ರೇಯಾನ್ ಎರಡೂ ಕಾಗದ ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹತ್ತಿಗೂ ರೇಯಾನಿಗೂ ಇರುವ ವ್ಯತ್ಯಾಸ ತಿಳಿಯಲು ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ರೇಯಾನ್ ಒದ್ದೆಯಾದರೆ ಪಟ್ಟನೆ ಹರಿಯುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಬಣ್ಣದ ಹತ್ತಿಯ ತಳಿ ತಂದಿದ್ದಾರೆ, ಡಿಡಿಸಿಸಿ-1 ಅಂತ. ಗಿಡದಲ್ಲೇ ಕಂದು ಬಣ್ಣದ ಹತ್ತಿ ಬಿಡುತ್ತದೆ, ಬಣ್ಣ ಹಾಕುವ ಪ್ರಶ್ನೆಯೇ ಇಲ್ಲ. ಇಂಥ ಹತ್ತಿ ಬಟ್ಟೆ ಒಗೆದಷ್ಟೂ ಕಂದು ಗಾಢವಾಗುತ್ತದೆ. ಖಾದಿಯಲ್ಲಿ ಸಿಕ್ಕರೆ ಕೂಸಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಸಾಗರದ ಚೊಗರು
ನೈಸರ್ಗಿಕ ಬಣ್ಣದ ವಿಷಯ ಬಂದರೆ ನಮ್ಮ ಕಡೆಯ ಹೆಗ್ಗೋಡನ್ನು ಹೇಳಲೇಬೇಕು. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಅಲ್ಲೇ ಹತ್ತಿರದ ಭೀಮನಕೋಣೆಯಲ್ಲಿ ಕಟ್ಟಿದ ಚರಕ ಮಹಿಳಾ ಸಂಘ ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟಿತು. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪುಗಂದು ನೀರೇ ಚೊಗರು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಮನೆಯ ಹೆಂಗಸರ ಬೆರಳು ವಾರಗಟ್ಟಲೆ ಕಪ್ಪಾಗೇ ಇರುತ್ತದೆ. ಚರ್ಮಕ್ಕೆ ಇಷ್ಟು ಹಿಡಿಯುವುದು ನೂಲಿಗೆ ಹಿಡಿಯದೇ ಇರುತ್ತದೆಯೇ?

ನಾನೂ ಮನೆಯ ಮಟ್ಟಿಗೆ ಬಣ್ಣ ಹಾಕುತ್ತೇನೆ. ಮೊದಲು ಬಟ್ಟೆಯ ಗಂಜಿ ಪೂರ್ತಿ ಹೋಗುವ ಹಾಗೆ ಕುದಿಸಿ ಒಗೆಯಬೇಕು. ಆಮೇಲೆ ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ ಒಣಗಿಸುತ್ತೇನೆ. ಆಗ ಬಟ್ಟೆ ಮಾಸಲು ಹಳದಿಗೆ ತಿರುಗುತ್ತದೆ. ನಂತರ ಪಟಿಕ, ಅಂದರೆ ಆಲಂ ಕರಗಿಸಿದ ನೀರು. ಇದಾದ ಮೇಲೇ ಬಣ್ಣದ ಹಂಡೆ. ದಾಳಿಂಬೆ ಸಿಪ್ಪೆ ಹಾಕಿದರೆ ಹಳದಿ, ಮಂಜಿಷ್ಠ ಹಾಕಿದರೆ ಕೆಂಪು. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೆಲವು ವಾರ ಹುಳಿಬರಿಸಿಟ್ಟರೆ ಸಿಗುವ ನೀರು ಅಳಲೆಕಾಯಿ ಬಟ್ಟೆಗೆ ತಾಗಿದ ಕೂಡಲೇ ಕಣ್ಣೆದುರೇ ಕಪ್ಪಾಗುತ್ತದೆ. ಅರಿಶಿನ ನೋಡಲು ಚೆಂದ, ಬಿಸಿಲಿಗೆ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಗಿಡದ ಬಣ್ಣ ಅಂದ ತಕ್ಷಣ ನಿರಪಾಯ ಅಂದುಕೊಳ್ಳಬೇಡಿ. ಕೆಲವರು ಪಟಿಕದ ಬದಲು ಮೈಲುತುತ್ತ ಅಥವಾ ಕ್ರೋಮ್ ಬಳಸುತ್ತಾರೆ, ಬಣ್ಣ ಬೇರೆ ಛಾಯೆ ಕೊಡುತ್ತದೆ ಅಂತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಉಳಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಮಾರುವವರನ್ನು ‘ಬಣ್ಣ ಯಾವುದರದ್ದು’ ಅಂತ ಮಾತ್ರ ಕೇಳಬೇಡಿ, ‘ಬಣ್ಣ ನಿಲ್ಲಲು ಏನು ಹಾಕಿದ್ದೀರಿ’ ಅಂತಲೂ ಕೇಳಿ. ಕೆಲಸ ಗೊತ್ತಿದ್ದವರು ಸಂತೋಷದಿಂದ ಹೇಳುತ್ತಾರೆ.

ಲೆಕ್ಕದ ಪುಸ್ತಕ
ಎಲ್ಲ ಸರಿ. ಆದರೆ ಇದು ದುಡ್ಡಿದ್ದವರ ಮಾತಾಯಿತು. ನೈಸರ್ಗಿಕ ಬಣ್ಣದ ಒಂದು ಕುರ್ತಾದ ಬೆಲೆಗೆ ಬೀದಿ ಅಂಗಡಿಯಲ್ಲಿ ಮನೆಮಂದಿಗೆಲ್ಲ ಬಟ್ಟೆ ಬರುತ್ತದೆ. ತಿಂಗಳ ಸಂಬಳದಲ್ಲಿ ಬದುಕುವವರು ಏನು ಮಾಡಬೇಕು?

ಹಳೇ ಪಂಚೆ
ನಮ್ಮಂಥವರ ಮನೆಯಲ್ಲೇ ಇದಕ್ಕೆ ಉತ್ತರ ಇದೆ ಸರ್. ಹೆರಿಗೆಗೆ ಮೊದಲು ನಮ್ಮಮ್ಮ ಅಪ್ಪನ ಹಳೆ ಪಂಚೆಗಳನ್ನು, ತಮ್ಮ ಹಳೆ ವಾಯಿಲ್ ಸೀರೆಗಳನ್ನು ಹರಿದು ಚೌಕ ಮಾಡಿ, ಕುದಿಸಿ ಒಗೆದು, ಬಿಸಿಲಿಗೆ ಹಾಕಿ ಇಡುತ್ತಿದ್ದರು. ವರ್ಷಗಟ್ಟಲೆ ಒಗೆದ ಆ ಬಟ್ಟೆಯಲ್ಲಿ ಬಿಡುವ ಬಣ್ಣವೂ ಇಲ್ಲ, ಪಾಲಿಶೂ ಇಲ್ಲ. ಅಷ್ಟು ಮೃದು ಬಟ್ಟೆ ಯಾವ ಮಳಿಗೆಯಲ್ಲೂ ಸಿಗುವುದಿಲ್ಲ. ಅಕ್ಕನ ಮಕ್ಕಳ ಅಂಗಿ ತಂಗಿಯ ಮಕ್ಕಳಿಗೆ, ಹರಿದ ಸೀರೆಗಳೆಲ್ಲ ಕೌದಿಗೆ. ಉತ್ತರ ಕರ್ನಾಟಕದಲ್ಲಿ ಇವತ್ತೂ ಓಣಿಯ ಹೆಂಗಸರು ಕೂಡಿ ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿ, ಬಣ್ಣದ ತುಂಡುಗಳನ್ನು ಅವರು ಜೋಡಿಸುವ ರೀತಿಯೇ ಬೇರೆ.

ಬಣ್ಣದ ಲಡಿ
ಲೆಕ್ಕದ ಪುಸ್ತಕ ಅವರ ಪ್ರಶ್ನೆ ಬೇಕಾದದ್ದೇ. ಪಂಚೆ ಅವರು ಹೇಳಿದ್ದು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿ. ನಾನು ಇನ್ನೊಂದು ಸೇರಿಸುತ್ತೇನೆ. ಅಗ್ಗದ ಬಟ್ಟೆಯ ಬೆಲೆಯನ್ನು ಬೇರೆ ಯಾರೋ ಕಟ್ಟಿರುತ್ತಾರೆ. ತಿರುಪ್ಪೂರನ್ನೇ ನೋಡಿ. ಅಲ್ಲಿ ಬನಿಯನ್ ಬಟ್ಟೆಗೆ ಹಾಕುವುದು ಹೆಚ್ಚಾಗಿ ರಿಯಾಕ್ಟಿವ್ ಬಣ್ಣ. ತೊಡುವವರಿಗೆ ಅದು ಒಳ್ಳೆಯದು, ಹತ್ತಿಗೆ ಬೆಸೆದುಕೊಳ್ಳುತ್ತದೆ, ಬೆವರಿಗೆ ಬಿಡುವುದಿಲ್ಲ. ಆದರೆ ಬಣ್ಣ ನೂಲಿಗೆ ಹತ್ತಲು ಹಂಡೆಗೆ ರಾಶಿ ರಾಶಿ ಉಪ್ಪು ಸುರಿಯಬೇಕು. ಉಪ್ಪಿನಲ್ಲಿ ಒಂದು ಹರಳೂ ಬಟ್ಟೆಯಲ್ಲಿ ಉಳಿಯುವುದಿಲ್ಲ, ಎಲ್ಲ ನೀರಿನ ಜೊತೆ ಹೊರಗೆ. ಕಾವೇರಿಯ ಉಪನದಿ ನೊಯ್ಯಲ್ ಹಾಗೆ ಉಪ್ಪಾಯಿತು. ನೀರಾವರಿಗೆ ಅಂತ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಕೊಳಕು ನೀರು ಬಿಡುವ ಬಣ್ಣದ ಕಾರ್ಖಾನೆಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಒಂದು ಹನಿಯೂ ಹೊರಬಿಡದೆ ಶುದ್ಧೀಕರಿಸಿ ಮರುಬಳಸುವ ವ್ಯವಸ್ಥೆ ಮಾಡಿಕೊಂಡವರು ಮತ್ತೆ ತೆರೆದರು.

ನಿಷೇಧಿತ ಅಜೋ ಬಣ್ಣ ಇಲ್ಲದ, ಮೈಗೆ ಏನೂ ಮಾಡದ ಬಟ್ಟೆಯೂ ನದಿಯನ್ನು ಕೊಲ್ಲಬಹುದು. ಹಾಗಾಗಿ ನಾನು ನೋಡುವುದು ಒಂದೇ. ಕಡಿಮೆ ಕೊಳ್ಳಬೇಕು, ಕೊಂಡದ್ದನ್ನು ಬಹಳ ಕಾಲ ಉಡಬೇಕು. ಇದಕ್ಕೆ ದುಡ್ಡು ಬೇಡ.

ಬಳ್ಳಾರಿ ಬಿಸಿಲು
ಜೀನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕೆಲವು ಕಾಲ ಜೀನ್ಸ್ ವಾಷಿಂಗ್ ಘಟಕದಲ್ಲಿ ದುಡಿದಿದ್ದೇನೆ. ತೊಡೆಯ ಮೇಲೆ ಬೆಳ್ಳಗೆ ಮಾಸಿದ ಹಾಗೆ ಕಾಣುತ್ತದಲ್ಲ, ಅದು ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ಮಾಡಿದ್ದು. ಪ್ಯಾಂಟನ್ನು ಗಾಳಿ ತುಂಬಿದ ಬೊಂಬೆಗೆ ತೊಡಿಸಿ, ಕೈಯಲ್ಲಿ ಗನ್ ಹಿಡಿದು ಹೊಡೆಯುತ್ತೇವೆ. ಮೊದಲು ನೇರಳೆ ಬಣ್ಣ, ಒಣಗುತ್ತ ಕಂದು, ತೊಳೆದ ಮೇಲೆ ಬಿಳಿ. ಮಾಸ್ಕ್ ಅಂತ ಕೊಡುತ್ತಿದ್ದದ್ದು ಒಂದು ಕರವಸ್ತ್ರದಷ್ಟೇ ತೆಳ್ಳಗಿನ ಬಟ್ಟೆ. ಸಂಜೆ ಮೂಗು ಸೀನಿದರೆ ಕಂದು ಬರುತ್ತಿತ್ತು. ಕೆಮ್ಮು ಹಿಡಿದು ಕೆಲಸ ಬಿಟ್ಟೆ.

ಬೇರೆ ದೇಶದಲ್ಲಿ ಇದಕ್ಕಿಂತ ಕೆಟ್ಟದ್ದು ಆಗಿದೆ. ಟರ್ಕಿಯಲ್ಲಿ ಮರಳನ್ನು ಜೋರಾಗಿ ಊದಿ ಜೀನ್ಸ್ ಸವೆಸುತ್ತಿದ್ದ ಹುಡುಗರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬಂತು, ಎಷ್ಟೋ ಜನ ತೀರಿಕೊಂಡರು. 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ನನ್ನ ಕೋರಿಕೆ ಇಷ್ಟೇ: ಹರಿದ, ಮಾಸಿದ ವಿನ್ಯಾಸದ ಜೀನ್ಸ್ ಕೊಳ್ಳಬೇಡಿ. ಕಡು ನೀಲಿಯದ್ದೇ ತಗೊಳ್ಳಿ. ಉಟ್ಟ ಹಾಗೆ ಅದೇ ಮಾಸುತ್ತದೆ, ನಿಮ್ಮ ಮೈಕಟ್ಟಿಗೆ ತಕ್ಕ ಹಾಗೆ ಮಾಸುತ್ತದೆ. ನೀವು ಬೇಡ ಅಂದರೆ ನಮ್ಮವರು ಹೊಡೆಯುವುದೂ ನಿಲ್ಲುತ್ತದೆ.

ದಾದಿ ಶಾರದೆ
ಬಳ್ಳಾರಿ ತಮ್ಮಾ, ಎದೆಯ ಎಕ್ಸ್‌ರೇ ಮಾಡಿಸಿ ವೈದ್ಯರಿಗೆ ಈ ಕೆಲಸದ ವಿಷಯ ಬಿಡಿಸಿ ಹೇಳಿ. ಸುಮ್ನೆ ಕೆಮ್ಮಿನ ಔಷಧಿ ಕುಡಿಯುತ್ತ ಕೂರಬೇಡಿ.

ಜೀನ್ಸ್‌ನದ್ದೇ ಇನ್ನೊಂದು. ಹೊಕ್ಕುಳ ಕೆಳಗೆ ದುಂಡಗೆ ಕೆರೆತ, ಕಪ್ಪು ಕಲೆ ಇದ್ದರೆ ಅದು ಲೋಹದ ಗುಂಡಿಯ ನಿಕ್ಕಲ್. ಒಳಗಡೆ ಒಂದು ತುಂಡು ದಪ್ಪ ಹತ್ತಿ ಬಟ್ಟೆ ಹೊಲಿದರೆ ಸಾಕು. ಹಾಗೇ ಲಂಗದ ಲಾಡಿ. ಬಿಗಿಯಾಗಿ ಒಂದೇ ಕಡೆ ಕಟ್ಟಿ ಕಟ್ಟಿ ಸೊಂಟದ ಚರ್ಮ ಕಪ್ಪಾಗಿ ಗಾಯವಾದ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಅಗಲ ಪಟ್ಟಿಯ ಲಂಗ ಹೊಲಿಸಿ, ಗಾಯ ಮಾಯದಿದ್ದರೆ ತೋರಿಸಿ.

ಲಿಯೋನ್ ಕನ್ನಡತಿ
ಫ್ರಾನ್ಸಿನಿಂದ ಬರೆಯುತ್ತಿದ್ದೇನೆ. ಇಲ್ಲಿ 2025ರಲ್ಲಿ ಒಂದು ಕಾನೂನು ಬಂತು. 2026ರ ಜನವರಿಯಿಂದ ಬಟ್ಟೆಗಳಲ್ಲಿ ಪಿಎಫ್‌ಎಎಸ್ ಇರಬಾರದು, ಕೆಲವು ರಕ್ಷಣಾ ಉಡುಪುಗಳಿಗೆ ಮಾತ್ರ ವಿನಾಯಿತಿ. ನೀರು, ಎಣ್ಣೆ ಅಂಟದ ಹಾಗೆ ಮಾಡುವ ರಾಸಾಯನಿಕ ಇದು. ಮಣ್ಣಲ್ಲಿ, ನೀರಲ್ಲಿ, ರಕ್ತದಲ್ಲಿ ಒಡೆಯದೆ ಉಳಿಯುತ್ತದೆ. ರೇನ್‌ಕೋಟ್, ಮಕ್ಕಳ ಜಾಕೆಟ್, ‘ಕಲೆ ಅಂಟದ’ ಶಾಲಾ ಸಮವಸ್ತ್ರ ಕೊಳ್ಳುವಾಗ ಪಿಎಫ್‌ಎಎಸ್ ಇಲ್ಲ ಅಂತ ಬರೆದಿದೆಯೇ ನೋಡಿ. ‘ಪಿಎಫ್‌ಒಎ ಇಲ್ಲ’ ಅಂತ ಬರೆದಿದ್ದರೆ ಸಾಲದು. ಅದು ಆ ಗುಂಪಿನಲ್ಲಿ ಒಂದು ಮಾತ್ರ.

ಸಾಗರದ ಚೊಗರು
ಮಳೆ ಅಂದರೆ ನಮ್ಮಲ್ಲಿ ಕಂಬಳಿಕೊಪ್ಪೆ ಇತ್ತು. ಚಳ್ಳಕೆರೆ ಕಡೆಯ ಕುರಿ ಕಂಬಳಿ, ಬಣ್ಣ ಹಾಕದ್ದು, ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ್ದು. ಉಣ್ಣೆಯ ಜಿಡ್ಡಿಗೆ ನೀರು ಬೇಗ ಇಳಿಯುವುದಿಲ್ಲ, ಒದ್ದೆಯಾದರೂ ಒಳಗೆ ಬೆಚ್ಚಗೆ. ಗದ್ದೆ ನೆಟ್ಟಿಗೆ ಈಗ ಪ್ಲಾಸ್ಟಿಕ್ ಹೊದ್ದು ಹೋಗುತ್ತಾರೆ. ಕಂಬಳಿ ನೇಯುವವರಿಗೂ ಕೆಲಸ ಕಡಿಮೆಯಾಗಿದೆ. ಅಂಗಳದ ಕೆಲಸಕ್ಕೆ ನಾನು ಇನ್ನೂ ಅದನ್ನೇ ಹೊದೆಯುತ್ತೇನೆ.

ತುಂಗಾತೀರ
ಇಷ್ಟೆಲ್ಲ ತಿಳಿಸಿದ್ದಕ್ಕೆ ಎಲ್ಲರಿಗೂ ಕೈಮುಗಿದೆ. ಅಕ್ಕನ ಕುರ್ತಾ ತಿರುಗಿಸಿ ನೋಡಿದೆವು, ಲಡಿ ಅವರು ಹೇಳಿದ ಹಾಗೆ ಕಪ್ಪು ಲೈನಿಂಗೇ. ಅದನ್ನು ಬಿಚ್ಚಿಸಿ ಮಲ್ ಬಟ್ಟೆ ಹಾಕಿಸುತ್ತಿದ್ದೇವೆ. ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮನ ರೇಷ್ಮೆ ಸೀರೆಗಳು ಡ್ರೈಕ್ಲೀನ್ ಆಗಿ ಪ್ಲಾಸ್ಟಿಕ್ ಕವರಿನಲ್ಲಿ ಬಂದಿವೆ. ಹಾಗೇ ಬೀರುವಿನಲ್ಲಿ ಇಡಬಹುದೇ?

ಬಣ್ಣದ ಲಡಿ
ಇಡಬೇಡಿ. ಎಷ್ಟೋ ಕಡೆ ಡ್ರೈಕ್ಲೀನಿಗೆ ಪರ್ಕ್ಲೋರೋಎಥಿಲೀನ್ ಬಳಸುತ್ತಾರೆ. ಕ್ಯಾನ್ಸರ್ ತರಬಹುದು ಅಂತ ಗುರುತಿಸಿರುವ ದ್ರಾವಕ ಅದು. 2024ರ ಕೊನೆಯಲ್ಲಿ ಅಮೆರಿಕ ಅದನ್ನು ಹಂತ ಹಂತವಾಗಿ ನಿಲ್ಲಿಸುವ ನಿಯಮ ತಂದಿತು. ಕವರ್ ತೆಗೆದು ವರಾಂಡದಲ್ಲಿ ನೆರಳಿಗೆ, ಗಾಳಿಯಾಡುವ ಕಡೆ ಹರವಿ. ವಾಸನೆ ಪೂರ್ತಿ ಹೋದ ಮೇಲೆ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಇಡಿ. ದಿನಬಳಕೆಯ ರೇಷ್ಮೆಗೆ ಡ್ರೈಕ್ಲೀನೇ ಬೇಕಿಲ್ಲ. ಅಂಟುವಾಳ ಕಾಯಿಯನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ತಣ್ಣಗಾದ ಆ ನೊರೆನೀರಿನಲ್ಲಿ ಅದ್ದಿ ತೆಗೆಯಿರಿ. ಹಿಂಡಬೇಡಿ. ಮೊದಲ ಸಲ ಒಗೆಯುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಅಂಚನ್ನು ಒತ್ತಿ ನೋಡಿ. ಬಣ್ಣ ಅಂಟಿದರೆ ಸೆರಗು, ಅಂಚು ಬೇರೆ, ಒಡಲು ಬೇರೆ ತೊಳೆಯಬೇಕು.